ಮೂವತ್ತಕ್ಕೆ ಮತ್ತೆ ಒಂದನೇ ಕ್ಲಾಸು

ಸ್ಟುಟ್‌ಗಾರ್ಟ್‌ನಲ್ಲಿರುವ ಅಕ್ಕನ ಮಗಳಿಗೆ 5 ವರ್ಷ. ಕನ್ನಡ ಅರ್ಥವಾಗುತ್ತೆ, ಬಾಯಿ ತೆರೆದರೆ ಮಾತ್ರ ಬರೋದು ಜರ್ಮನ್. ಕಳೆದ ವರ್ಷ ವೀಡಿಯೋ ಕಾಲ್‌ನಲ್ಲಿ "ವಾರುಮ್ ಕೊಮ್ಸ್ಟ್ ಡು ನಿಶ್ಟ್?" ಅಂದಳು. ನಾನು ಸುಮ್ಮನೆ ನಕ್ಕೆ. "ನೀನ್ಯಾಕೆ ಬರಲ್ಲ ಅಂತ ಕೇಳ್ತಿದ್ದಾಳೆ ಕಣೋ" ಅಂತ ಅಕ್ಕ ಹೇಳೋ ಹೊತ್ತಿಗೆ ಅವಳು ಆಡೋಕೆ ಓಡಿಹೋಗಿದ್ದಳು.

ನಮ್ಮ ಸ್ಕೂಲಲ್ಲಿ ಎಂಟನೇ ಕ್ಲಾಸಿನವರಿಗೆ ಸಂಜೆ ಜರ್ಮನ್ ಹೇಳಿಕೊಡ್ತಿದ್ದರು. ಅದೇ ಹೊತ್ತಿಗೆ ಮ್ಯಾಥ್ಸ್ ಟ್ಯೂಷನ್. ಮಾರ್ಕ್ಸ್ ಬರೋದನ್ನೇ ಆರಿಸಿಕೊಂಡೆ.

ಈಗ 30ರಲ್ಲಿ ವೀಕೆಂಡ್ ಬ್ಯಾಚ್. ಪಕ್ಕದ ಬೆಂಚಿನ ಕಾಲೇಜು ಹುಡುಗರು ಪಟಪಟ ಅಂತ ಬಾಯಿಪಾಠ ಒಪ್ಪಿಸ್ತಾರೆ. ನನಗೆ ಡೇರ್, ಡೀ, ಡಾಸ್ ತಲೆಗೆ ಹತ್ತೋದೇ ಇಲ್ಲ. ಟೇಬಲ್ ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ!

ಎ1 ದಾಟಿದ ಮೇಲೆ ನನ್ನ ತಪ್ಪು ಗೊತ್ತಾಯ್ತು. ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಯೋಚಿಸಿ ಜರ್ಮನ್‌ಗೆ ತರುತ್ತಿದ್ದೆ. 'ವೈಲ್' ಅಂದ್ರೆ 'ಯಾಕಂದ್ರೆ'. ಅದು ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತೆ. ಇಂಗ್ಲಿಷ್‌ನಿಂದ ಹೋದರೆ ತಲೆಕೆಳಗು. ಕನ್ನಡದಿಂದ ಹೋಗಿ ನೋಡಿ: "ವೈಲ್ ಇಶ್ ಆರ್ಬೈಟನ್ ಮುಸ್." ಯಾಕಂದ್ರೆ, ನಾನು, ಕೆಲಸ ಮಾಡ, ಬೇಕು. ಅದೇ ಸಾಲು, ಅದೇ ಕ್ರಮ! ಲೇಟಾಗಿ ಭಾಷೆ ಕಲಿಯೋಕೆ ಹೊರಟವರು ಮೊದಲು ಅದನ್ನು ಕನ್ನಡದ ಪಕ್ಕ ಇಟ್ಟು ನೋಡಿ.

ಮೊನ್ನೆ ಅವಳು ಮತ್ತೆ ಅದೇ ಪ್ರಶ್ನೆ ಕೇಳಿದಳು. ನಾನು ಇದೇ ವಾಕ್ಯ ಹೇಳಿದೆ. ಅಕ್ಕ ಮಧ್ಯೆ ಬರಲಿಲ್ಲ. ಪುಟ್ಟಿ ನನ್ನ 'ಇಶ್' ತಿದ್ದಿ, ಕೂಡಲೇ ಕೇಳಿದಳು, "ಉಂಟ್ ಮೋರ್ಗನ್, ಮಾಮ?" ಮತ್ತೆ ನಾಳೆ?

ಮ್ಯಾನೇಜರ್ ಹತ್ತಿರ ರಜೆ ಕೇಳಿದ್ದೀನಿ.