ನಮ್ಮೂರ ಬಳೆಗೆ ಐದು ಬಣ್ಣ

ಇನ್ನೂರು ವರ್ಷಗಳ ಹಿಂದೆ ನಮ್ಮೂರಿನಲ್ಲಿ ಗಾಜು ಕರಗಿಸುತ್ತಿದ್ದರು. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲೇ ಬೆಳೆದ ನನಗೆ ಈ ಸಂಗತಿ ಗೊತ್ತಾಗಿದ್ದು ಊರಿನಲ್ಲಲ್ಲ, ಬೆಂಗಳೂರಿನ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯಲ್ಲಿ. ಕೆಎಎಸ್ ಪರೀಕ್ಷೆಗೆ ಓದುತ್ತಿದ್ದವಳು ಕರ್ನಾಟಕ ಇತಿಹಾಸದ ನೋಟ್ಸ್ ಮಾಡಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದೆ. ನೋಟ್ಸ್‌ನಲ್ಲಿ ಚಿತ್ರದುರ್ಗ ಜಿಲ್ಲೆ ಅಂದರೆ ಎರಡೇ ಸಾಲು: ಬ್ರಹ್ಮಗಿರಿಯ ಅಶೋಕನ ಶಾಸನ, ಮದಕರಿ ನಾಯಕನ ಕೋಟೆ. ಮತ್ತೋಡು ಯಾವ ನೋಟ್ಸ್‌ನಲ್ಲೂ ಇರಲಿಲ್ಲ.

ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದ ಸಂಸ್ಥೆ. ಹೆಸರು ಕೇಳಿ ಪುರಾಣದ ಕತೆಗಳಿಗೆ ಸಂಬಂಧಿಸಿದ್ದು ಅಂದುಕೊಳ್ಳುವವರೇ ಹೆಚ್ಚು. ಇತಿಹಾಸ, ಶಾಸನ, ಜನಜೀವನದ ಬಗ್ಗೆ ನೂರಕ್ಕೂ ಹೆಚ್ಚು ವರ್ಷದಿಂದ ತ್ರೈಮಾಸಿಕ ಪತ್ರಿಕೆ ಹೊರಡಿಸುತ್ತಿದೆ. ಈಚೆಗೆ ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವನ್ನೂ ಹಿಡಿದಿದೆ. ಒಂದು ಮಧ್ಯಾಹ್ನ ಹಳೆಯ ಪುಸ್ತಕಗಳ ನಡುವೆ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ ಕೈಗೆ ಸಿಕ್ಕಿತು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟಗಳು. ಓದುವಾಗ ಊರಿನ ಹೆಸರು ಹುಡುಕುವುದು ಎಲ್ಲರಿಗೂ ಇರುವ ಚಟ ತಾನೇ? ಮತ್ತೋಡು ಎಂಬ ಕಾಗುಣಿತದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಿವಿಗೆ ಬಿದ್ದಂತೆ ಬರೆದುಕೊಂಡ ಆತನ ಬರಹದಲ್ಲಿ ಅದು ‘ಮುತಿಯೋಡು’ ಎನ್ನುವ ಹಾಗಿದೆ. ಅಕ್ಕಪಕ್ಕದ ಊರುಗಳ ಹೆಸರು ಹಿಡಿದು ಹೋದಾಗ ಸಿಕ್ಕಿತು.

ಬುಕಾನನ್ ಸ್ಕಾಟ್ಲೆಂಡಿನ ವೈದ್ಯ, ಸಸ್ಯಶಾಸ್ತ್ರ ಬಲ್ಲವನು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಎಂದು ಲೆಕ್ಕ ಹಾಕಲು ಗವರ್ನರ್ ಜನರಲ್ ವೆಲ್ಲೆಸ್ಲಿ ಆತನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟವನು ನಮ್ಮೂರು ಮುಟ್ಟಿದ್ದು 1801ರಲ್ಲಿ. ಅಲ್ಲಿ ಕಂಡದ್ದು ಬಳೆಯ ಗಾಜು ಕಾಯಿಸುವ ಕುಲುಮೆಗಳನ್ನು. ಊರ ಕೋಟೆಗೋಡೆಯ ಒಳಮಗ್ಗುಲಿಗೆ ಎತ್ತರದ ಜಗಲಿ ಕಟ್ಟಿ, ಅದರಲ್ಲಿ ಗುಮ್ಮಟದಂಥ ಒಲೆಗಳು. ಗಾಜು ಒರಟು, ಬೆಳಕು ಹಾಯದಂಥದ್ದು. ಬಣ್ಣ ಐದು: ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ. ಇದರಲ್ಲಿ ಕಪ್ಪಿಗೇ ಹೆಚ್ಚು ಬೇಡಿಕೆ ಎಂದು ಬರೆದಿದ್ದಾನೆ. ಈಗ ಸೀಮಂತಕ್ಕೂ ಮದುವೆಗೂ ಹಸಿರು ಬಳೆಯೇ ಆಗಬೇಕು ಅನ್ನುವ ನಮಗೆ ಇದು ಸ್ವಲ್ಪ ಆಶ್ಚರ್ಯವೇ.

ನನ್ನನ್ನು ಹೆಚ್ಚು ಹಿಡಿದದ್ದು ಸಾಮಗ್ರಿಯ ವಿಚಾರ. ಬೇಕಾದದ್ದೆಲ್ಲ ಊರ ಸುತ್ತಮುತ್ತಲೇ ಸಿಗುತ್ತಿತ್ತು. ಮುಖ್ಯವಾದವು ಎರಡು, ಬೆಣಚುಕಲ್ಲಿನ ಪುಡಿ ಮತ್ತು ನೆಲದ ಮೇಲೆ ಉಪ್ಪಿನಂತೆ ಅರಳುವ ಚೌಳು. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಗೊತ್ತು: ಬೆಣಚುಕಲ್ಲು ಅಂದರೆ ಸಿಲಿಕಾ, ಅದೊಂದೇ ಕರಗಲು ಸುಮಾರು 1,700 ಡಿಗ್ರಿ ಬೇಕು. ಸೌದೆ ಒಲೆಗೆ ಆಗದ ಮಾತು. ಸೋಡಾ ಬೆರೆಸಿದರೆ ಅದಕ್ಕಿಂತ ಬಹಳ ಕಡಿಮೆ ಶಾಖಕ್ಕೇ ಕರಗುತ್ತದೆ. ಬೆಳೆಗೆ ಶತ್ರುವಾದ ಚೌಳೇ ಬಳೆಗೆ ಬಂಡವಾಳ. ಫೋನಿನಲ್ಲಿ ಇದನ್ನು ಹೇಳಿದಾಗ ಅಜ್ಜಿಗೆ ಗಾಜಿನ ಸುದ್ದಿ ಏನೂ ನೆನಪಾಗಲಿಲ್ಲ. ಬಳೆಗಾರ ಮಲಾರ ಹೊತ್ತು ಹೊರಗಿನಿಂದ ಬರುತ್ತಿದ್ದುದಷ್ಟೇ ಆಕೆಗೆ ಗೊತ್ತು. ಆದರೆ ಚೌಳು ಅಂದ ಕೂಡಲೇ, “ಅಗಸರು ಅದ್ರಲ್ಲೇ ಬಟ್ಟೆ ಒಗೀತಿದ್ರು ಕಣವ್ವಾ, ಆಗ ಸೋಪೆಲ್ಲಿತ್ತು?” ಅಂದರು. ಮಣ್ಣಿನ ಗುಣ ಆಕೆಯವರೆಗೆ ಬಂದಿದೆ, ಕುಲುಮೆಯ ನೆನಪು ಬಂದಿಲ್ಲ.

ಹಾಗಾದರೆ ಒಲೆ ಆರಿದ್ದು ಯಾವಾಗ? ಇದಕ್ಕಾಗಿ ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆಗೆದೆ. 1897ರ ಪರಿಷ್ಕೃತ ಮುದ್ರಣದಲ್ಲೂ ಮತ್ತೋಡಿನ ಗಾಜು ಇದೆ. ಖುಷಿಯಿಂದ ಓದಿದರೆ ವಿವರಣೆ ಬುಕಾನನ್‌ನದೇ. ಮುಖ್ಯ ಪುಸ್ತಕದಲ್ಲಿ ಅಚ್ಚಾದದ್ದು ಮುಂದಿನ ಪುಸ್ತಕಗಳಲ್ಲೂ ನಡೆದು ಬರುತ್ತದೆ, ಕುಲುಮೆ ಉರಿಯುತ್ತಿರಲಿ ಬಿಡಲಿ. ಪರೀಕ್ಷೆಗೆ ಓದುವ ನಾವೂ ಹಾಗೇ ಅಲ್ಲವೇ, ಒಂದು ಗೈಡಿನ ಸಾಲು ಹತ್ತು ಗೈಡಿನಲ್ಲಿದ್ದರೆ ಹತ್ತು ಸಾಕ್ಷಿ ಅಂದುಕೊಳ್ಳುತ್ತೇವೆ. ಇವತ್ತು ನಮ್ಮ ಜಾತ್ರೆಗಳಲ್ಲಿ ಸಿಗುವ ಗಾಜಿನ ಬಳೆ ಬಹುಪಾಲು ಉತ್ತರ ಪ್ರದೇಶದ ಫಿರೋಜಾಬಾದಿನದು.

ಇನ್ನೊಂದು ಕೊರತೆಯೂ ಕಾಡಿತು. ಬಣ್ಣ ಇದೆ, ಒಲೆಯ ಆಕಾರ ಇದೆ, ಕಾಯಿಸಿದವರ ಹೆಸರು ಎಲ್ಲೂ ಕಾಣಲಿಲ್ಲ. ಕಂಪನಿ ಸರ್ಕಾರಕ್ಕೆ ಬೇಕಾದದ್ದು ಉತ್ಪನ್ನ, ಹೆಸರಲ್ಲ. ಅಮೆರಿಕದ ಮೆಸಾಚುಸೆಟ್ಸ್ ಇತಿಹಾಸ ಸಂಘ ಹುಟ್ಟಿದ್ದು 1791ರಲ್ಲಿ, ಬುಕಾನನ್ ನಮ್ಮೂರಿಗೆ ಬರುವ ಹತ್ತು ವರ್ಷ ಮೊದಲು. ಜಾನ್ ಆಡಮ್ಸ್ ಮತ್ತು ಪತ್ನಿ ಅಬಿಗೈಲ್ ಬರೆದುಕೊಂಡ ಸಾವಿರಕ್ಕೂ ಹೆಚ್ಚು ಪತ್ರ ಅಲ್ಲಿವೆ. ಅಧ್ಯಕ್ಷನ ಮನೆಯ ಕಾಗದವನ್ನು ಎಲ್ಲರೂ ಜೋಪಾನ ಮಾಡುತ್ತಾರೆ ಅನ್ನಿ. ನಮ್ಮ ಜಿಲ್ಲೆಯಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರು ಓಲೆಗರಿ, ಕಡತಗಳನ್ನು ಹುಡುಕಿ ಕೂಡಿಟ್ಟರು. ಅವರಿಲ್ಲದಿದ್ದರೆ ಚಿತ್ರದುರ್ಗದ ಪಾಳೆಯಗಾರರ ಕತೆಯಲ್ಲಿ ಎಷ್ಟು ಉಳಿಯುತ್ತಿತ್ತೋ.

ಊರಿನ ಹೆಸರು ಹುಡುಕುವವರಿಗೆ ಒಂದೆರಡು ಮಾತು. ಹಳೆಯ ಪುಸ್ತಕಗಳಲ್ಲಿ ಚಿತ್ರದುರ್ಗ ‘ಚಿತಲ್‌ದ್ರೂಗ್’ ಆಗಿರುತ್ತದೆ. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ನಮ್ಮ ಜಿಲ್ಲೆಯದು. ಶಾಸನಗಳು ತಾಲ್ಲೂಕುವಾರು ಇವೆ, ಮೂಲ ಪಾಠ ಕನ್ನಡ ಲಿಪಿಯಲ್ಲೇ ಇದೆ. ದಾವಣಗೆರೆ 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದುದರಿಂದ ಅಲ್ಲಿಯವರೂ ಇದನ್ನೇ ನೋಡಬೇಕು. ಬೆಂಗಳೂರಿಗೆ ಬರಲಾಗದವರಿಗೆ ಬುಕಾನನ್, ರೈಸ್ ಇಬ್ಬರೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತಾರೆ, ಮೊಬೈಲ್‌ನಲ್ಲೇ ಓದಬಹುದು.

ಈ ದಸರಾ ರಜೆಗೆ ಊರಿಗೆ ಹೋಗುವಾಗ ಆ ಪುಟಗಳ ಜೆರಾಕ್ಸ್ ಜೊತೆಗಿರುತ್ತದೆ. ಬಳೆ ವ್ಯಾಪಾರದ ಮನೆತನಗಳಲ್ಲಿ ಹಳೆಯ ಲೆಕ್ಕದ ಪುಸ್ತಕ, ಕಂದಾಯದ ರಸೀದಿ ಏನಾದರೂ ಉಳಿದಿದೆಯೇ ಎಂದು ವಿಚಾರಿಸಬೇಕು. ಅಟ್ಟದ ಮೇಲಿನ ಟ್ರಂಕನ್ನು ಗುಜರಿಯವನಿಗೆ ಹಾಕಬೇಡ ಎಂದು ಅಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ.