ಮೋಟಾರು ದೀಪದ ಕಾಮಾಲೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ನಮ್ಮಲ್ಲಿದೆ. ಇಂದಿನ ಮೋಟಾರು ಕಾರುಗಳ ಕಣ್ಣಿಗೂ ಇಂಥದೊಂದು ಕಾಮಾಲೆ ತಗಲುವುದನ್ನು ಓದುಗರು ಕಂಡಿರಬಹುದು. ಹೊಸದರಲ್ಲಿ ತಿಳಿನೀರಿನಂತಿದ್ದ ಹೆಡ್‌ಲೈಟಿನ ಹೊದಿಕೆ ಕೆಲವು ವರ್ಷ ಬಿಸಿಲುಂಡ ಮೇಲೆ ಹಳದಿಗಟ್ಟಿ, ಮಂಜು ಕವಿದಂತೆ ಮಂಕಾಗುತ್ತದೆ. ಗ್ಯಾರೇಜಿನಲ್ಲಿ ಉಜ್ಜಿಸಿ ಪಾಲಿಷ್ ಮಾಡಿಸಿದರೆ ಮತ್ತೆ ಹೊಸದರಂತೆ ಬೆಳಗುತ್ತದೆ. ಆದರೆ ಅನೇಕ ವೇಳೆ ಕೆಲವೇ ತಿಂಗಳುಗಳಲ್ಲಿ ರೋಗ ಮರುಕಳಿಸುತ್ತದೆ. ಮೊದಲ ಸಲ ವರ್ಷಗಟ್ಟಲೆ ತಡೆದು ನಿಂತದ್ದು ಎರಡನೆಯ ಸಲ ಇಷ್ಟು ಬೇಗ ಸೋಲುವುದೇಕೆ?

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಎಂಬ ಸಂಸ್ಥೆಯು ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯ ಪ್ರಕಾರ, ಮಂಕಾಗಿ ಹಳದಿಗಟ್ಟಿದ ದೀಪಗಳು ಹೊಸ ದೀಪದ ಬೆಳಕಿನಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಮಾತ್ರ ನೀಡಿದವು. ಗಂಟೆಗೆ ೬೦ ಕಿಲೊಮೀಟರು ವೇಗದ ಕಾರು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಮಿಗಿಲಾಗಿ ಸಾಗುತ್ತದೆ. ಕತ್ತಲಲ್ಲಿ ರಸ್ತೆ ದಾಟುವವನು ಚಾಲಕನ ಕಣ್ಣಿಗೆ ಬೀಳುವುದು ಒಂದು ಸೆಕೆಂಡು ತಡವಾದರೆ ಆಗುವ ಅನಾಹುತವನ್ನು ಓದುಗರೇ ಊಹಿಸಬಹುದು.

ಗ್ಯಾರೇಜಿನವರು ಈ ಹೊದಿಕೆಯನ್ನು 'ಗ್ಲಾಸು' ಎಂದೇ ಕರೆಯುತ್ತಾರೆ. ಆದರೆ ಅದು ಗಾಜಲ್ಲ. ಹಳೆಯ ಅಂಬಾಸಿಡರ್ ಕಾರಿನ ದೀಪಕ್ಕೆ ನಿಜವಾದ ಗಾಜಿತ್ತು. ಕಲ್ಲು ಬಡಿದರೆ ಅದು ಒಡೆಯುತ್ತಿತ್ತು, ಆದರೆ ಬಿಸಿಲಿಗೆ ಹಳದಿಗಟ್ಟುತ್ತಿರಲಿಲ್ಲ. ಇಂದು ಅದರ ಸ್ಥಾನದಲ್ಲಿರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ೧೯೫೩ರಲ್ಲಿ ಜರ್ಮನಿಯ ಹರ್ಮನ್ ಷ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಇದನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿದರು. ಇದು ಹಗುರ, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು, ಪೆಟ್ಟಿಗೆ ಸುಲಭವಾಗಿ ಒಡೆಯದು. ಇಷ್ಟೆಲ್ಲ ಸದ್ಗುಣಗಳಿದ್ದರೂ ಸೂರ್ಯನ ಅತಿನೇರಿಳೆ ಕಿರಣಗಳನ್ನು ತಡೆದುಕೊಳ್ಳುವ ಶಕ್ತಿ ಇದಕ್ಕೆ ಸಾಲದು.

ಬೆಳಕು ಶಕ್ತಿಯನ್ನು ಸಣ್ಣ ಸಣ್ಣ ಪೊಟ್ಟಣಗಳಲ್ಲಿ, ಅಂದರೆ ಫೋಟಾನುಗಳಲ್ಲಿ ಹೊತ್ತು ತರುತ್ತದೆಂಬುದು ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ತರಂಗಾಂತರ ಕಿರಿದಾದಷ್ಟೂ ಪೊಟ್ಟಣದ ಶಕ್ತಿ ಹೆಚ್ಚು. ಹಸಿರು ಬೆಳಕಿನ ಫೋಟಾನಿನ ಶಕ್ತಿ ಸುಮಾರು ೨.೩ ಇಲೆಕ್ಟ್ರಾನ್ ವೋಲ್ಟ್. ೩೦೦ ನ್ಯಾನೊಮೀಟರಿನ ಅತಿನೇರಿಳೆ ಫೋಟಾನಿನದು ಸುಮಾರು ೪.೧. ಎರಡು ಇಂಗಾಲ ಪರಮಾಣುಗಳ ಒಂಟಿ ಬಂಧವನ್ನು ಬಿಡಿಸಲು ಬೇಕಾದದ್ದು ಸುಮಾರು ೩.೬. ನೂರು ಮಕ್ಕಳು ಒಬ್ಬರಾದ ಮೇಲೊಬ್ಬರು ಹಾರಿದರೂ ಎಟುಕದ ಮಾವಿನಕಾಯಿಯನ್ನು ಎತ್ತರದ ಆಳೊಬ್ಬನು ನಿಂತಲ್ಲಿಂದಲೇ ಕೀಳಬಲ್ಲನು. ಹಾಗೆಯೇ ಹಸಿರು ಬೆಳಕು ಎಷ್ಟು ಬಿದ್ದರೂ ಮುರಿಯದ ಬಂಧವನ್ನು, ಹೀರಲ್ಪಟ್ಟ ಒಂದು ಅತಿನೇರಿಳೆ ಫೋಟಾನು ಮುರಿಯಬಲ್ಲದು.

ಹೀಗೆ ಮುರಿದ ಸರಪಳಿಯ ತುಂಡುಗಳು ತಮ್ಮಲ್ಲಿಯೂ, ಗಾಳಿಯ ಆಮ್ಲಜನಕದೊಡನೆಯೂ ಕೂಡಿ ಹೊಸ ಸಂಯುಕ್ತಗಳಾಗುತ್ತವೆ. ಇವು ನೇರಿಳೆ ಮತ್ತು ನೀಲಿ ಬೆಳಕನ್ನು ಹೀರುತ್ತವೆ. ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ತೋರುತ್ತದೆ. ಕ್ರಮೇಣ ಮೇಲ್ಮೈ ಪೆಡಸಾಗಿ ಸೂಕ್ಷ್ಮ ಬಿರುಕುಗಳು ಮೂಡುತ್ತವೆ. ಧೂಳು ಮತ್ತು ಮರಳು ಅದನ್ನು ಇನ್ನಷ್ಟು ಗೀರುತ್ತವೆ. ಈ ಒರಟು ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದೇ ಮಂಕು. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನಿಂದ ಬರುವವರ ಕಣ್ಣಿಗೆ ಬಿದ್ದು ಕುಕ್ಕುತ್ತದೆ.

ಈ ಹಾನಿ ಮುಖ್ಯವಾಗಿ ಮೇಲಿನ ತೆಳು ಪದರದಲ್ಲಿಯೇ ಇರುವುದರಿಂದ ಉಜ್ಜಿದರೆ ಹೋಗುತ್ತದೆ. ಆದರೆ ಕಾರ್ಖಾನೆಯಿಂದ ಬರುವಾಗ ಹೊದಿಕೆಯ ಮೇಲೆ ಅತಿನೇರಿಳೆಯನ್ನು ತಡೆಯುವ ಒಂದು ಗಟ್ಟಿ ಲೇಪವಿರುತ್ತದೆ. ಮೊದಲ ಸಲ ವರ್ಷಗಟ್ಟಲೆ ಕಾದದ್ದು ಈ ಲೇಪವೇ. ಅಳಿದುಳಿದ ಲೇಪವನ್ನೂ ಎಮರಿ ಕಾಗದ ಕೆರೆದು ಹಾಕುತ್ತದೆ. ಪಾಲಿಷ್ ಆದ ಹೊದಿಕೆ ಹೊಳೆಯುವುದು ನಿಜ. ಆದರೆ ಕೊಡೆ ಕಳೆದುಕೊಂಡವನಂತೆ ಅದು ಬರಿಮೈಯಲ್ಲಿ ಬಿಸಿಲಿಗೆ ನಿಂತಿರುತ್ತದೆ.

ಎಣ್ಣೆ ಸವರಿ ಮಂಕು ಕಳೆಯುವ ಉಪಾಯವೂ ಇಂಥದೇ. ಉಜ್ಜಿದ ಒರಟು ಗಾಜಿನ ಮೇಲೆ ನೀರು ಹಾಕಿದರೆ ಅದು ಪಾರದರ್ಶಕವಾಗುವುದನ್ನು ಪ್ರಯೋಗಶಾಲೆಯಲ್ಲಿ ನೋಡಬಹುದು. ದ್ರವವು ಗೀರುಗಳನ್ನು ತುಂಬುತ್ತದೆ. ಅದರ ವಕ್ರೀಭವನಾಂಕ ಗಾಳಿಯದಕ್ಕಿಂತ ಹೆಚ್ಚಾಗಿದ್ದು ಗಾಜಿನದಕ್ಕೆ ಸಮೀಪವಾದುದರಿಂದ ಚೆದರಿಕೆ ತಗ್ಗುತ್ತದೆ. ಎಣ್ಣೆ ತೊಳೆದುಹೋದೊಡನೆ ಮಂಕು ಮರಳುತ್ತದೆ.

ಹಾಗಾದರೆ ನಿಜವಾದ ರಕ್ಷೆ ಯಾವುದು? ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು, ಅತಿನೇರಿಳೆಯನ್ನು ಮಾತ್ರ ಹೀರಬಲ್ಲ ಲೇಪ. ಬೆಂಜೊಟ್ರಯಜೋಲ್ ಜಾತಿಯ ಅಣುಗಳು ಈ ಕೆಲಸ ಮಾಡುತ್ತವೆ. ಫೋಟಾನನ್ನು ನುಂಗಿ, ಅದರ ಶಕ್ತಿಯನ್ನು ನಿರಪಾಯಕರವಾದ ಶಾಖವಾಗಿ ಮಾರ್ಪಡಿಸಿ, ಮುಂದಿನ ಫೋಟಾನಿಗೆ ಮತ್ತೆ ಸಿದ್ಧವಾಗುತ್ತವೆ. ಇಲ್ಲಿ ಲೇಪದ ದಪ್ಪವೂ ಮುಖ್ಯ. ಒಂದು ಪದರವು ಹತ್ತರಲ್ಲೊಂದು ಪಾಲು ಅತಿನೇರಿಳೆಯನ್ನು ಒಳಕ್ಕೆ ಬಿಡುತ್ತದೆಂದು ಇಟ್ಟುಕೊಳ್ಳೋಣ. ಅಂಥ ಎರಡು ಪದರಗಳು ನೂರರಲ್ಲೊಂದು ಪಾಲನ್ನು ಮಾತ್ರ ಬಿಡುತ್ತವೆ. ಅರ್ಧ ದಪ್ಪದ ಪದರವಾದರೋ ಸುಮಾರು ಮೂರರಲ್ಲೊಂದು ಪಾಲನ್ನು ಬಿಟ್ಟುಬಿಡುತ್ತದೆ. ಆದ್ದರಿಂದಲೇ ಮೇಣದ ತೆಳು ಲೇಪ ಹೆಚ್ಚು ಕಾಲ ಕಾಯಲಾರದು. ಮಳೆಗೆ, ತೊಳೆತಕ್ಕೆ ಅದು ಸವೆದೂ ಹೋಗುತ್ತದೆ.

ಹೊದಿಕೆಯನ್ನು ಉಜ್ಜಿಸಿದ ದಿನವೇ, ಅದು ಶುಚಿಯಾಗಿ ಒಣಗಿರುವಾಗ, ಅತಿನೇರಿಳೆ ತಡೆಯುವ ಕ್ಲಿಯರ್ ಕೋಟ್ ಹೊಡೆಸುವುದು ಲೇಸು. ಗಟ್ಟಿಕಾರಕ ಬೆರೆಸಿ ಸಿಂಪಡಿಸುವ ಬಗೆಯದು ಬಾಳಿಕೆ ಬರುತ್ತದೆ. ಆದರೆ ಅದರಲ್ಲಿರುವ ಐಸೊಸೈಯನೇಟುಗಳು ಶ್ವಾಸಕೋಶಕ್ಕೆ ಅಪಾಯಕಾರಿಯಾದುದರಿಂದ ತಕ್ಕ ಮುಖವಾಡವುಳ್ಳ ನುರಿತ ಕೆಲಸಗಾರರಿಗೇ ಅದನ್ನು ಬಿಡಬೇಕು. ಅತಿನೇರಿಳೆ ತಡೆಯುವ ಬಣ್ಣರಹಿತ ಪಾಲಿಯುರಿಥೇನ್ ಹಾಳೆಯನ್ನು ಅಂಟಿಸುವುದು ಇನ್ನೊಂದು ಮಾರ್ಗ. ಅದು ಹಾಳಾದಾಗ ಕಿತ್ತು ಬೇರೆ ಹಾಕಬಹುದು. ಪೆಟ್ರೋಲಿನಿಂದಾಗಲಿ, ತಿನ್ನರಿನಿಂದಾಗಲಿ ಹೊದಿಕೆಯನ್ನು ಒರೆಸಕೂಡದು. ಪಾಲಿಕಾರ್ಬೊನೇಟ್ ಅವಕ್ಕೆ ಬಿರುಕು ಬಿಡುತ್ತದೆ.

ಕರ್ನಾಟಕವೆಲ್ಲವೂ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ವರ್ಷಕ್ಕೆರಡು ಬಾರಿ ಸೂರ್ಯನು ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆಗ ಅತಿನೇರಿಳೆಯು ವಾಯುಮಂಡಲದಲ್ಲಿ ಕ್ರಮಿಸುವ ದಾರಿ ಅತಿ ಕಿರಿದು. ಓಜೋನ್ ಹೀರುವುದೂ ಅಷ್ಟು ಕಡಿಮೆ. ಆದುದರಿಂದ ಲೇಪ ಹಾಕಿಸಿದ ಮೇಲೆಯೂ ಕಾರನ್ನು ನೆರಳಿನಲ್ಲಿ ನಿಲ್ಲಿಸುವ ಅಭ್ಯಾಸ ಒಳ್ಳೆಯದು. ನೆರಳಿಲ್ಲದ ಕಡೆ ದೀಪಗಳಿಗೆ ಒಂದು ದಪ್ಪ ಬಟ್ಟೆಯ ಮುಸುಕು ಹಾಕಿದರೂ ಲೇಪದ ಆಯುಷ್ಯ ಹೆಚ್ಚುತ್ತದೆ.