ದಸರಾ ಟ್ರಿಪ್‌ಗೆ ಅಜ್ಜಿಯೂ ಬಂದ್ರೆ ಖರ್ಚು ಎಷ್ಟು ಜಾಸ್ತಿ ಆಗುತ್ತೆ?

(ಈ ವಾರದ ಎಪಿಸೋಡ್‌ನ ಬರಹ ರೂಪ)

ಇವತ್ತಿನ ವಿಷಯ ದಸರಾ ರಜೆ. ಮಳೆ ಕಮ್ಮಿಯಾಗಿ ಬಿಸಿಲು ಹದವಾಗೋ ಶರದೃತು, ಮಕ್ಕಳ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತೆ, ಮನೇಲಿ ಗೊಂಬೆ ಕೂರಿಸಿರ್ತಾರೆ. ಆಗ ಒಂದು ಮಾತು ಬಂದೇ ಬರುತ್ತೆ: "ಎಲ್ಲಾರೂ ಸೇರಿ ಎಲ್ಲಾದ್ರೂ ಹೋಗಿ ಬರೋಣ."

ಆಮೇಲೆ ಲೆಕ್ಕ ಶುರು. ಲೆಕ್ಕ ಜಾಸ್ತಿ ಅನಿಸಿದ ತಕ್ಷಣ ಎಷ್ಟೋ ಮನೆಗಳಲ್ಲಿ ಮೊದಲು ಕಟ್ ಆಗೋದು ಅಜ್ಜಿ. "ನಾನು ಮನೇಲೇ ಇರ್ತೀನಿ ಬಿಡ್ರಪ್ಪ, ಸುಮ್ನೆ ಖರ್ಚು" ಅಂತ ಅವರೇ ಹೇಳ್ತಾರೆ. ಎರಡನೇದಾಗಿ ಕಟ್ ಆಗೋದು ಮಗಳ ಶಾಲಾ ಪ್ರವಾಸ. "ಮೈಸೂರು ನೋಡಾಯ್ತಲ್ಲ, ಮತ್ತೆ ಯಾಕೆ?" ಅನ್ನೋ ಪ್ರಶ್ನೆ. ನಾನು ಬಿಕಾಂ ಓದಿದವನು, ಹಾಗಾಗಿ ಈ ಎರಡನ್ನೂ ಕಾಗದದ ಮೇಲೆ ಹಾಕಿ ನೋಡೋಣ. ಇವರನ್ನ ಬಿಟ್ರೆ ನಿಜವಾಗ್ಲೂ ಎಷ್ಟು ದುಡ್ಡು ಉಳಿಯುತ್ತೆ?

ಸರಾಸರಿ ಲೆಕ್ಕದ ಮೋಸ

ಒಂದು ಮನೆ ಅಂದ್ಕೊಳ್ಳಿ. ಊರು ದಾವಣಗೆರೆ. ಅಪ್ಪ, ಅಮ್ಮ, ಅಜ್ಜಿ, ಏಳನೇ ಕ್ಲಾಸಿನ ಮಗಳು, ಒಂಬತ್ತು ವರ್ಷದ ಮಗ. ಹೋಗೋದು ಮೈಸೂರಿಗೆ, ಮೂರು ದಿನ, ಎರಡು ರಾತ್ರಿ. ಈಗ ಹೇಳೋ ದರಗಳೆಲ್ಲ ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ನೀವು ಹಾಕ್ಕೊಳ್ಳಿ.

ಎರಡು ರೂಮು, ಒಂದಕ್ಕೆ ದಿನಕ್ಕೆ 2,000 ರೂಪಾಯಿ. ಎರಡು ರಾತ್ರಿಗೆ 8,000, ಅದರ ಮೇಲೆ 5% ಜಿಎಸ್‌ಟಿ 400, ಒಟ್ಟು 8,400. ಅಜ್ಜಿಗೆ ಎಕ್ಸ್‌ಟ್ರಾ ಹಾಸಿಗೆ, ಎರಡು ರಾತ್ರಿಗೆ 1,000. ಊಟ-ತಿಂಡಿ ಒಬ್ಬರಿಗೆ ದಿನಕ್ಕೆ 300, ಐದು ಜನಕ್ಕೆ ಮೂರು ದಿನಕ್ಕೆ 4,500. ಹೋಗಿ ಬರೋ ಬಸ್ಸಿಗೆ 1,350. ಊರೊಳಗಿನ ಓಡಾಟಕ್ಕೆ 2,000. ಪ್ರವೇಶದ ಟಿಕೆಟ್‌ಗಳಿಗೆ 1,200. ಎಲ್ಲಾ ಕೂಡಿದ್ರೆ 18,450 ರೂಪಾಯಿ.

ಇದನ್ನ ಐದರಿಂದ ಭಾಗಿಸಿದ್ರೆ ತಲೆಗೆ 3,690. ಅಜ್ಜಿ ಬರದಿದ್ರೆ 3,690 ಉಳಿಯುತ್ತೆ ಅಂತ ಮನಸ್ಸು ಹೇಳುತ್ತೆ. ಆದ್ರೆ ಅದು ಸರಾಸರಿ ಖರ್ಚು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಇನ್ನೊಬ್ಬರು ಸೇರಿದ್ರೆ ಹೊಸದಾಗಿ ಎಷ್ಟು ಖರ್ಚಾಗುತ್ತೆ? ಅರ್ಥಶಾಸ್ತ್ರದಲ್ಲಿ ಇದಕ್ಕೆ ಸೀಮಾಂತ ವೆಚ್ಚ ಅಂತಾರೆ, ಕಾಲೇಜಲ್ಲಿ ನಾವು ಮಾರ್ಜಿನಲ್ ಕಾಸ್ಟ್ ಅಂತ ಓದಿರ್ತೀವಿ.

ಅಜ್ಜಿಯ ಲೆಕ್ಕ ಮಾತ್ರ ತೆಗೀರಿ. ಹಾಸಿಗೆ 1,000, ಊಟ 900, ಪ್ರವೇಶದ ಟಿಕೆಟ್ 300. ಒಟ್ಟು 2,200. ರೂಮು? ನಾಲ್ಕು ಜನ ಹೋದ್ರೂ ಎರಡು ರೂಮು ಬೇಕೇ ಬೇಕಿತ್ತು. ಆಟೋ? ಆ ದುಡ್ಡು ಹೇಗಿದ್ರೂ ಕೊಡ್ತಿದ್ವಿ. ಊಟದ 900ರಲ್ಲೂ ಸ್ವಲ್ಪ ಭಾಗ ಮನೇಲಿದ್ರೂ ಖರ್ಚಾಗ್ತಿತ್ತು. ಬಸ್ ಚಾರ್ಜ್? ಅದು ಸೊನ್ನೆ.

ವಯಸ್ಸು, ವಿಳಾಸ, ಟಿಕೆಟ್

ಸೊನ್ನೆ ಯಾಕೆ ಅಂದ್ರೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರಿಸಿದ್ರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡ್ತಾರೆ. ನಮ್ಮ ಉದಾಹರಣೆಯಲ್ಲಿ ಅಜ್ಜಿ, ಅಮ್ಮ, ಮಗಳು ಮೂವರೂ ಫ್ರೀ. ದುಡ್ಡು ಕೊಡೋದು ಅಪ್ಪ ಫುಲ್, ಮಗ ಹಾಫ್. ಇದು ಕೆಂಪು ಬಸ್ಸಿಗೆ ಮಾತ್ರ. ರಾಜಹಂಸ, ಎಸಿ, ಸ್ಲೀಪರ್ ಹತ್ತಿದ್ರೆ ಎಲ್ಲರಿಗೂ ಟಿಕೆಟ್.

ರೈಲಿನ ಲೆಕ್ಕ ಬೇರೆ. ಮೊದಲು 58 ದಾಟಿದ ಮಹಿಳೆಯರಿಗೆ ಅರ್ಧ ರಿಯಾಯಿತಿ, 60 ದಾಟಿದ ಗಂಡಸರಿಗೆ 40% ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಅದು ನಿಂತಿತು. ಹಾಗಾಗಿ ಮೇಲಿನ ಲೆಕ್ಕ ರೈಲಿಗೆ ಹೊಂದಲ್ಲ, ಅಜ್ಜಿಗೆ ಪೂರ್ತಿ ಚಾರ್ಜ್ ಸೇರಿಸಬೇಕು. ಮಕ್ಕಳಿಗೆ, ಐದು ವರ್ಷದೊಳಗಿದ್ದು ಬರ್ತ್ ಬೇಡ ಅಂದ್ರೆ ಟಿಕೆಟ್ಟೇ ಇಲ್ಲ. ಐದರಿಂದ ಹನ್ನೆರಡರ ಒಳಗಿನವರಿಗೆ ಬರ್ತ್ ಬೇಕಂದ್ರೆ ದೊಡ್ಡವರ ಚಾರ್ಜ್, ಬೇಡ ಅಂದ್ರೆ ಅರ್ಧ.

ಹಾಗಂತ ಯಾವಾಗಲೂ ಬಸ್ಸೇ ಒಳ್ಳೇದು ಅಂತಲ್ಲ. ಹಬ್ಬದ ದಿನಗಳಲ್ಲಿ ಕೆಂಪು ಬಸ್ಸಲ್ಲಿ ನಿಂತು ಹೋಗೋ ಪರಿಸ್ಥಿತಿ ಬರಬಹುದು. ಮಂಡಿ ನೋವಿರೋ ಅಜ್ಜಿಗೆ ಐದಾರು ಗಂಟೆ ಅದು ಆಗಲ್ಲ. ರೈಲಲ್ಲಿ ಹಿರಿಯರಿಗೂ 45 ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತ್‌ನ ಕೋಟಾ ಇದೆ. ಆ ಚಾರ್ಜಿಗೆ ಅಜ್ಜಿ ಮಲಗಿಕೊಂಡು ಹೋಗಬಹುದು ಅಂದ್ರೆ ಅದು ದಂಡ ಅಲ್ಲ. ಟಿಕೆಟ್ ಬುಕ್ಕಿಂಗ್ 60 ದಿನ ಮುಂಚೆ ತೆರೆಯುತ್ತೆ, 2024ರ ನವೆಂಬರ್ 1ರಿಂದ ಈ ನಿಯಮ. ಅಂದ್ರೆ ಅಕ್ಟೋಬರ್ ಪ್ರವಾಸದ ಮಾತು ಆಗಸ್ಟ್‌ನಲ್ಲೇ ಮುಗಿದಿರಬೇಕು.

ದೊಡ್ಡ ದುಡ್ಡು ಇರೋದು ದಿನಾಂಕದಲ್ಲಿ

ಈಗ ಒಂದೇ ಒಂದು ಸಂಖ್ಯೆ ಬದಲಾಯಿಸೋಣ. ಅದೇ ರೂಮು ವಿಜಯದಶಮಿ ಆಸುಪಾಸಲ್ಲಿ 3,500 ಆಯ್ತು ಅಂದ್ಕೊಳ್ಳಿ. ಎರಡು ರೂಮು, ಎರಡು ರಾತ್ರಿ, 14,000. ಜಿಎಸ್‌ಟಿ 700. ಒಟ್ಟು 14,700. ಮೊದಲಿನ 8,400ಕ್ಕಿಂತ 6,300 ಜಾಸ್ತಿ. ಅಜ್ಜಿಯನ್ನ ಬಿಟ್ಟು ಹೋದ್ರೆ ಉಳಿಯೋದು 2,200, ದಿನಾಂಕ ಬದಲಾಯಿಸಿದ್ರೆ ಉಳಿಯೋದು 6,300. ಆ ದುಡ್ಡಲ್ಲಿ ಹತ್ತಿರಹತ್ತಿರ ಮೂರು ಜನ ಅಜ್ಜಿಯರನ್ನ ಕರ್ಕೊಂಡು ಹೋಗಬಹುದು!

ಇನ್ನೊಂದು ಸಣ್ಣ ವಿಷಯ: ದಿನಕ್ಕೆ 7,500ರವರೆಗಿನ ರೂಮಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ನಿಂದ 5%ಗೆ ಇಳಿದಿದೆ. ಬಿಲ್‌ನಲ್ಲಿ ಹಳೇ ದರ ಇದ್ರೆ ಕೇಳಿ.

ದಿನಾಂಕ ಬದಲಾಯಿಸಿದ್ರೆ ಏನು ತಪ್ಪುತ್ತೆ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಜಂಬೂಸವಾರಿ ತಪ್ಪುತ್ತೆ. 750 ಕೆಜಿ ತೂಕದ ಚಿನ್ನದ ಅಂಬಾರಿ ಅರಮನೆಯಿಂದ ಬನ್ನಿಮಂಟಪದ ಕಡೆ ಹೊರಡೋದು ಆ ಒಂದು ದಿನ ಮಾತ್ರ. ಆದ್ರೆ ಆ ಜನಜಂಗುಳಿಯಲ್ಲಿ ಒಂಬತ್ತು ವರ್ಷದ ಹುಡುಗನಿಗೂ ಅಜ್ಜಿಗೂ ಕಾಣೋದು ಎಷ್ಟು? ದೂರದರ್ಶನದಲ್ಲಿ ನೇರಪ್ರಸಾರ ಇರುತ್ತೆ, ಮನೇಲಿ ಕೂತು ಎಲ್ಲರೂ ಪೂರ್ತಿ ನೋಡಬಹುದು.

ನವರಾತ್ರಿಯ ಮೊದಲ ದಿನಗಳಲ್ಲೇ ಹೋದ್ರೆ ಸಿಗೋದೇನು ಕಮ್ಮಿಯಿಲ್ಲ. ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರ ಇರುತ್ತೆ. ಮೆರವಣಿಗೆಗಾಗಿ ಆನೆಗಳು ಮರಳು ಮೂಟೆ, ಮರದ ಅಂಬಾರಿ ಹೊತ್ತು ಅದೇ ರಸ್ತೇಲಿ ತಾಲೀಮು ನಡೆಸ್ತವೆ, ರಸ್ತೆ ಬದಿ ನಿಂತು ನೋಡೋಕೆ ಟಿಕೆಟ್ ಇಲ್ಲ. 1892ರಲ್ಲಿ ಶುರುವಾದ ಮೃಗಾಲಯ ಇದೆ, ಒಳಗೆ ನಡೆಯೋಕಾಗದವರಿಗೆ ಬ್ಯಾಟರಿ ಗಾಡಿ ಬಾಡಿಗೆಗೆ ಸಿಗುತ್ತೆ. ಚಾಮುಂಡಿ ಬೆಟ್ಟಕ್ಕೆ ಸುಮಾರು ಸಾವಿರ ಮೆಟ್ಟಿಲು, ಆದ್ರೆ ಬಸ್ ಮೇಲೇ ಹೋಗುತ್ತೆ. ದಸರಾ ವಸ್ತುಪ್ರದರ್ಶನವಂತೂ ಹಬ್ಬ ಮುಗಿದ ಮೇಲೂ ವಾರಗಟ್ಟಲೆ ಇರುತ್ತೆ.

ವಿಜಯದಶಮಿ ಚಾಂದ್ರಮಾನದ ಹಬ್ಬ ಆದ್ದರಿಂದ ಅದರ ದಿನಾಂಕ ಜಾಗ ಬದಲಿಸ್ತಾ ಇರುತ್ತೆ. 2023ರಲ್ಲಿ ಅಕ್ಟೋಬರ್ 24, 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಶಾಲೆಯ ರಜೆಯೂ ಅದರ ಹಿಂದೆಯೇ ಓಡಾಡುತ್ತೆ. 2025ರಲ್ಲಿ ಶಿಕ್ಷಕರು ಸಮೀಕ್ಷೆ ಕೆಲಸದಲ್ಲಿದ್ದಿದ್ದಕ್ಕೆ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋಯ್ತು. ಅಣ್ಣನ ಮಕ್ಕಳು ಒಂದು ಕಡೆ, ತಂಗಿ ಮಕ್ಕಳು ಇನ್ನೊಂದು ಕಡೆ ಓದ್ತಿದ್ರೆ ಇಬ್ಬರ ಶಾಲೆಯ ಕ್ಯಾಲೆಂಡರೂ ನೋಡಿ ಬುಕ್ ಮಾಡಿ.

ಮಗಳ ಶಾಲಾ ಪ್ರವಾಸ ದಂಡವಾ?

ದಸರಾ ಮುಗಿದು ಶಾಲೆ ಶುರುವಾದ ಮೇಲೆ ಶಾಲಾ ಪ್ರವಾಸದ ಚೀಟಿ ಬರುತ್ತೆ. ಇಲ್ಲೂ ಒಂದು ಲೆಕ್ಕ ಇದೆ. ಬಸ್ ಬಾಡಿಗೆ 30,000 ಅಂದ್ಕೊಳ್ಳಿ. 50 ಮಕ್ಕಳು ಬಂದ್ರೆ ತಲೆಗೆ 600. 40 ಮಕ್ಕಳು ಬಂದ್ರೆ 750. ಹತ್ತು ಮನೆಯವರು ಬೇಡ ಅಂದ್ರೆ ಉಳಿದವರ ಫೀಸು ಏರುತ್ತೆ. ಏರಿದಾಗ ಇನ್ನೂ ನಾಲ್ಕು ಮನೆ ಹಿಂದೆ ಸರಿಯುತ್ತೆ. ಕೊನೆಗೆ ಹೊರಗುಳಿಯೋದು ಅತಿ ಕಮ್ಮಿ ದುಡ್ಡಿರೋ ಮನೆಯ ಮಗು. ಆ ಮೂರು ದಿನ ಅದು ಖಾಲಿ ಕ್ಲಾಸಲ್ಲಿ ಕೂತಿರುತ್ತೆ.

ಅದಕ್ಕೇ ಮೂರು ಮಾತು. ಒಂದು, ಈ ವರ್ಷ ಶಾಲೆ ಎಲ್ಲಿಗೆ ಕರ್ಕೊಂಡು ಹೋಗುತ್ತೆ ಅಂತ ದಸರಾಕ್ಕೆ ಮುಂಚೆನೇ ಟೀಚರ್ ಹತ್ರ ಕೇಳಿ. ಅವರು ಮೈಸೂರು ಅಂದ್ರೆ ಮನೆಯವರು ಬೇಲೂರು, ಹಳೇಬೀಡು ಇಟ್ಕೊಳ್ಳಿ. ಅವರು ಬೇಲೂರು ಅಂದ್ರೆ ನೀವು ಮೈಸೂರಿನಿಂದ ಸೋಮನಾಥಪುರಕ್ಕೂ ಹೋಗಿ ಬನ್ನಿ. ಈ ಮೂರೂ ಊರಿನ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಸೋಮನಾಥಪುರದಂಥ, ಪುರಾತತ್ವ ಇಲಾಖೆ ಟಿಕೆಟ್ ಇಟ್ಟಿರೋ ಜಾಗಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಉಚಿತ.

ಎರಡು, ಒಂದೇ ಊರಾದ್ರೂ ಅದು ಒಂದೇ ಪ್ರವಾಸ ಅಲ್ಲ. ಅಪ್ಪ-ಅಮ್ಮನ ಕೈ ಹಿಡ್ಕೊಂಡು ನೋಡಿದ ಅರಮನೆಗೂ, ಬಸ್ಸಲ್ಲಿ ಅಂತ್ಯಾಕ್ಷರಿ ಹಾಡ್ತಾ ಗೆಳತಿಯರ ಜೊತೆ ಹೋಗಿ ನೋಡಿದ ಅರಮನೆಗೂ ವ್ಯತ್ಯಾಸ ಇದೆ. ಸ್ವಂತ ಬ್ಯಾಗು, ಸ್ವಂತ ಚಿಲ್ಲರೆ, ಹೇಳಿದ ಟೈಮಿಗೆ ಬಸ್ ಹತ್ತೋದು, ಇದನ್ನೆಲ್ಲ ಮಗು ಅಲ್ಲೇ ಕಲಿಯೋದು.

ಮೂರು, ಈ ಮಾತು ಟೀಚರ್‌ಗಳಿಗೆ. "ಯಾರು ಬರಲ್ಲ, ಕೈ ಎತ್ತಿ" ಅಂತ ಕ್ಲಾಸಲ್ಲಿ ಕೇಳಬೇಡಿ. ಚೀಟಿಯನ್ನ ಜುಲೈನಲ್ಲೇ ಕಳಿಸಿ, ಮೂರು ಕಂತಲ್ಲಿ ಕಟ್ಟೋಕೆ ಬಿಡಿ. ಡಿಸೆಂಬರ್‌ನಲ್ಲಿ ಒಟ್ಟಿಗೆ 1,500 ಕೊಡೋಕಾಗದ ಮನೆಗೆ ತಿಂಗಳಿಗೆ 500 ಸಾಧ್ಯ ಆಗಬಹುದು.

ಈಗ ನೀವು ಮಾಡಬೇಕಾದ್ದು

ಮನೇಲಿ ಫೋನ್, ಆಪ್ ನೋಡೋದು ಸಾಮಾನ್ಯವಾಗಿ ನೀವೇ ಅಲ್ವಾ, ಅಂದ್ರೆ ಮೊಮ್ಮಕ್ಕಳು. ಹಾಗಾಗಿ ಈ ಕೆಲಸ ನಿಮ್ಮದೇ. ಮೊದಲು ದಿನಾಂಕ ಹಾಕಿ ರೂಮಿನ ದರ ನೋಡಿ. ಎರಡು ದಿನ ಆಚೀಚೆ ಮಾಡಿ ಮತ್ತೆ ನೋಡಿ. ಆಮೇಲೆ ಎಲ್ಲರ ವಯಸ್ಸು ಬರೆದು ಯಾರಿಗೆ ಎಲ್ಲಿ ಟಿಕೆಟ್, ಎಲ್ಲಿ ಉಚಿತ ಅಂತ ಗುರುತು ಹಾಕಿ. ಗುರುತಿನ ಚೀಟಿಗಳನ್ನ ಒಂದೇ ಕವರಲ್ಲಿ ಹಾಕಿಡಿ. ಕೊನೆಗೆ ಒಬ್ಬೊಬ್ಬರ ಹೆಸರಿನ ಮುಂದೆ "ಇವರು ಬರದಿದ್ರೆ ಉಳಿಯೋದು ಎಷ್ಟು" ಅಂತ ಬರೀರಿ, ತಲೆಗೆ ಭಾಗಿಸೋಕೆ ಹೋಗಬೇಡಿ.

ಆ ಕಾಗದ ತಗೊಂಡು ಹೋಗಿ ಅಜ್ಜಿ ಮುಂದೆ ಇಡಿ. ಅವರಿಗೆ ನಿಜವಾಗ್ಲೂ ಹೋಗೋಕೆ ಮನಸ್ಸಿಲ್ಲ ಅಂದ್ರೆ ಬೇರೆ ಮಾತು, ಬಲವಂತ ಬೇಡ. ಖರ್ಚು ಅಂತ ಹೇಳ್ತಿದ್ರೆ ಮಾತ್ರ ಉತ್ತರ ನಿಮ್ಮ ಕೈಯಲ್ಲೇ ಇರುತ್ತೆ.

ನಿಮ್ಮ ಮನೆಯ ಲೆಕ್ಕ ಎಷ್ಟು ಬಂತು, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಇನ್ನೊಂದು ಲೆಕ್ಕದ ಜೊತೆ ಸಿಗೋಣ.